ಬರೀದ್ ಶಾಹಿ ಉದ್ಯಾನಕ್ಕೆ ಒಂದು ಸಂಜೆ ಇಟ್ಟುಕೊಂಡು ಬಾ

ಬೀದರ್

ಪ್ರೀತಿಯ ಗೆಳೆಯ,

ಮಕ್ಕಳನ್ನು ಕರೆದುಕೊಂಡು ಬೀದರಿಗೆ ಬರುತ್ತೇನೆ, ಬೆಳಿಗ್ಗೆ ಕೋಟೆ ನೋಡಿ ಮಧ್ಯಾಹ್ನವೇ ಹೊರಟುಬಿಡುತ್ತೇನೆ ಎಂದು ಬರೆದಿದ್ದೀಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಕೋಟೆ ನೋಡಲೇಬೇಕು, ಬಹಮನಿ ಮಂತ್ರಿ ಮಹಮೂದ್ ಗವಾನನ ಮದರಸಾವನ್ನೂ ಬಿಡಬಾರದು. ಆದರೆ ಒಂದು ಸಂಜೆಯನ್ನು ಬರೀದ್ ಶಾಹಿ ಉದ್ಯಾನಕ್ಕೆ ಮೀಸಲಿಡು. ಉದಗೀರ ರಸ್ತೆಯಲ್ಲಿದೆ, ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದು. ಊರಿನವರು ದಿನವೂ ವಾಯುವಿಹಾರಕ್ಕೆ ಬರುವ ಜಾಗ. ಹೊರಗಿನಿಂದ ಬಂದವರು ಮಾತ್ರ ಅದರತ್ತ ಕಣ್ಣೆತ್ತಿಯೂ ನೋಡದೆ ಆಟೋ ಹತ್ತಿ ಕೋಟೆಗೆ ಹೋಗಿಬಿಡುತ್ತಾರೆ. ನನಗೆ ಅದೇ ಸಂಕಟ.

ಉದ್ಯಾನದಲ್ಲಿ ಎತ್ತರದ ಜಗಲಿಯ ಮೇಲೆ ಅಲಿ ಬರೀದನ ಗೋರಿ ಇದೆ. ಬಹಮನಿಗಳ ಬಲ ಕುಂದಿದ ಮೇಲೆ ಬೀದರನ್ನು ಆಳಿದ ಬರೀದ್ ಮನೆತನದಲ್ಲಿ ‘ಶಾಹ’ ಎಂಬ ಬಿರುದು ಧರಿಸಿದ ಮೊದಲಿಗ ಇವನು. 1565ರಲ್ಲಿ ವಿಜಯನಗರದ ಮೇಲೆ ಒಂದಾದ ಸುಲ್ತಾನರಲ್ಲಿ ಇವನೂ ಒಬ್ಬ. ಗೋರಿಯನ್ನು ತಾನೇ ಕಟ್ಟಿಸಿಕೊಂಡ. 1577ರ ಹೊತ್ತಿಗೆ ಅದು ಸಿದ್ಧವಾಗಿತ್ತು, ಅವನು ತೀರಿಕೊಂಡದ್ದು 1580ರಲ್ಲಿ. ತನಗಾಗಿ ಕಾದಿದ್ದ ಆ ಕಮಾನುಗಳ ಕೆಳಗೆ ಮುದುಕನಾದ ಅರಸ ಬಂದು ನಿಂತಿರಲೇಬೇಕು ಎಂದು ಅಲ್ಲಿಗೆ ಹೋದಾಗಲೆಲ್ಲ ನನಗೆ ಅನ್ನಿಸುತ್ತದೆ.

ಆ ಕಟ್ಟಡಕ್ಕೆ ಬಾಗಿಲೇ ಇಲ್ಲ. ನಾಲ್ಕು ದಿಕ್ಕಿಗೂ ಎತ್ತರದ ಕಮಾನುಗಳು ತೆರೆದುಕೊಂಡಿವೆ, ಮೇಲೆ ಭಾರಿ ಗುಮ್ಮಟ. ಊರಾಚೆಯ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾಹ ವಲಿಯ ಗೋರಿಯ ಗುಮ್ಮಟದೊಳಗೆ ಕಾಲಿಟ್ಟರೆ ಕತ್ತಲೆ. ಒಳಗಿನ ಬಣ್ಣದ ಚಿತ್ತಾರವನ್ನು ತೋರಿಸಲು ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ಹಾಯಿಸುತ್ತಾರೆ. ಇಲ್ಲಿ ಕನ್ನಡಿ ಬೇಕಿಲ್ಲ. ಸಂಜೆಯ ಬಿಸಿಲು ಪಶ್ಚಿಮದ ಕಮಾನಿನಿಂದ ನೇರವಾಗಿ ಒಳಗೆ ಬಂದು, ನಡುವೆ ಇರುವ ನುಣುಪಾದ ಕಪ್ಪು ಕಲ್ಲಿನ ಗೋರಿಯ ಮೇಲೆ ಬೀಳುತ್ತದೆ. ಆಗ ತಲೆಯೆತ್ತಿ ನೋಡು. ಒಳಗೋಡೆಯ ಮೇಲ್ಭಾಗದಲ್ಲಿ ಬಣ್ಣದ ಹೆಂಚಿನ ಪಟ್ಟಿಗಳಿವೆ, ಅವುಗಳಲ್ಲಿ ಪಾರ್ಸಿ ಪದ್ಯದ ಸಾಲುಗಳು. ಅಲ್ಲಲ್ಲಿ ಉದುರಿಹೋಗಿದ್ದರೂ ಉಳಿದ ನೀಲಿ ಈಗಲೂ ಹಸಿಯಾಗಿದೆ. ಓದಲು ಬಾರದ ನನಗೂ ಆ ಅಕ್ಷರಗಳ ಬಾಗು ಬಳುಕು ನೋಡಿ ಸಾಕೆನಿಸುವುದಿಲ್ಲ. ಬೀದರಿನ ಎಲ್ಲ ಗೋರಿಗಳಲ್ಲಿ ನನಗೆ ಇದೇ ಹೆಚ್ಚು ಇಷ್ಟ. ಅಷ್ಟೂರಿನದು ದೊಡ್ಡದಿರಬಹುದು, ಗಾಳಿ ಬೆಳಕು ಇಷ್ಟು ಧಾರಾಳವಾಗಿ ಆಡುವುದು ಇಲ್ಲಿ ಮಾತ್ರ.

ಅಲಿ ಬರೀದನ ಮಗ ಇಬ್ರಾಹಿಂ ಬರೀದನ ಗೋರಿಯೂ ಹತ್ತಿರದಲ್ಲೇ ಇದೆ. ಅದೇ ಅಚ್ಚು, ಅಳತೆ ಚಿಕ್ಕದು.

ಹುಲ್ಲಿನ ಮೇಲೆ ಮಕ್ಕಳು ಆಡಲಿ, ಓಡಲಿ. ಒಂದು ಮಾತನ್ನು ಮಾತ್ರ ಅವರಿಗೆ ಮೊದಲೇ ಹೇಳಿ ಕರೆದುಕೊಂಡು ಬಾ: ಗೋಡೆಯ ಗಾರೆಯ ಮೇಲೆ ಏನನ್ನೂ ಗೀರಬಾರದು. ಮೊಳೆಯಿಂದಲೋ ಕಲ್ಲಿನಿಂದಲೋ ಕೆತ್ತಿದ ಹೆಸರುಗಳನ್ನು, ಬಾಣ ತೂರಿದ ಹೃದಯಗಳನ್ನು ಕೈಗೆಟುಕುವ ಎತ್ತರದಲ್ಲೆಲ್ಲ ಕಂಡಾಗ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಗುತ್ತದೆ. ನಾಲ್ಕೂವರೆ ಶತಮಾನದ ಮಳೆ ಬಿಸಿಲು ತಾಳಿಕೊಂಡ ಗಾರೆ ಅದು. ಒಮ್ಮೆ ಕಿತ್ತುಹೋದರೆ ಹೊಸದಾಗಿ ಮೆತ್ತಿದ್ದು ಹಳೆಯದಕ್ಕೆ ಸಮವಾಗುವುದಿಲ್ಲ. ನಮ್ಮ ಊರಿನ ಹುಡುಗರಿಗೂ ನಾನು ಇದನ್ನೇ ಹೇಳುತ್ತಿರುತ್ತೇನೆ, ಕೆಲವರು ಕೇಳುತ್ತಾರೆ.

ಮರುದಿನ ಕೋಟೆಗೆ ಹೋಗೋಣ. ಅಲ್ಲಿನ ರಂಗೀನ್ ಮಹಲಿಗೆ ಬೀಗ ಇದ್ದರೂ ಕೇಳಿ ತೆಗೆಸೋಣ. ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿದ ಆ ಕೆಲಸವೂ ಇದೇ ಅಲಿ ಬರೀದನ ಕಾಲದ್ದು. ಮೊದಲು ಉದ್ಯಾನ, ಆಮೇಲೆ ಮಹಲು ನೋಡಿದರೆ ಆ ಮನುಷ್ಯನ ರುಚಿ ಎಂಥದ್ದೆಂದು ತಾನಾಗಿಯೇ ತಿಳಿಯುತ್ತದೆ.

ಬೇಸಿಗೆಯಲ್ಲಿ ಬರಬೇಡ, ಇಲ್ಲಿನ ಬಿಸಿಲು ನಿನಗೆ ಗೊತ್ತೇ ಇದೆ. ದಸರಾ ಕಳೆದ ಮೇಲೆ ಬಾ. ಉಳಿಯುವುದು ನಮ್ಮ ಮನೆಯಲ್ಲೇ; ಜೋಳದ ರೊಟ್ಟಿ, ಪುಂಡಿ ಪಲ್ಯ ಇರುತ್ತದೆ. ಯಾವ ರೈಲಿಗೆ ಬರುತ್ತೀ ಎಂದು ತಿಳಿಸು, ನಿಲ್ದಾಣಕ್ಕೆ ಬರುತ್ತೇನೆ.

ಇಂತಿ,
ನಿನ್ನ ಗೆಳೆಯ