ಬಿಡು ಅಂದದ್ದಕ್ಕೆ

ಪುಟ್ಟಿ,

ನಿನ್ನೆ ಫೋನಲ್ಲಿ 'ಎರಡು ತಿಂಗಳಾಯ್ತು ಅಪ್ಪಯ್ಯ, ಬರೀ ಸರಿಗಮ, ಸಿತಾರ್ ಕ್ಲಾಸ್ ಬಿಡ್ತೀನಿ' ಅಂದೆ. ನಾನು 'ಸರಿ, ಬಿಡು' ಅಂದುಬಿಟ್ಟೆ. ಆಮೇಲೆ ನಿದ್ದೆ ಬರಲಿಲ್ಲ.

ನೀನು ಏಳನೇ ಕ್ಲಾಸಲ್ಲಿದ್ದಾಗಲೂ ನಾನು ಇದನ್ನೇ ಹೇಳಿದ್ದೆ. ಕೊಳೆರೋಗ ಬಂದು ಅಡಿಕೆ ಉದುರುತ್ತಿದ್ದ ವರ್ಷ. ಔಷಧಿ ಹೊಡೆಯುವವನು ಮರದ ಮೇಲೆ, ನಾನು ಕೆಳಗೆ ಪೈಪ್ ಎಳೆಯುತ್ತಿದ್ದೆ. ನೀನು ತೋಟಕ್ಕೇ ಓಡಿ ಬಂದು ಎಡಗೈ ಚಾಚಿದೆ. ತೋರುಬೆರಳ ತುದಿಯಲ್ಲಿ ತಂತಿ ಕೂತ ಗೆರೆ, ಕೆಂಪಗೆ, ನಡುವೆ ಸಣ್ಣಗೆ ಒಡೆದಿತ್ತು. ನಾನು ಮರದ ತುದಿ ನೋಡ್ಕೊಂಡೇ 'ನೋವಾದ್ರೆ ಬಿಡು' ಅಂದೆ. ನೀನು ಏನೂ ಹೇಳದೆ ವಾಪಸ್ ಹೋದೆ. ಅವತ್ತೇ ಸಿತಾರ್ ಗವಸು ಸೇರಿತು. ನೀನು ಬಂದಿದ್ದು ಬೆರಳು ತೋರಿಸೋಕೆ, ಅಲ್ವಾ? ಬಿಡಲಾ ಅಂತ ಕೇಳೇ ಇರಲಿಲ್ಲ. ಪೈಪ್ ಕೆಳಗಿಟ್ಟು ಒಂದು ನಿಮಿಷ ಆ ಬೆರಳು ನೋಡಿದ್ದರೆ ಸಾಕಿತ್ತು. ಎಷ್ಟು ವರ್ಷದಿಂದ ಇದೇ ತಲೆಯಲ್ಲಿದೆ. ತಪ್ಪು ನಂದೇ ಮಗಳೇ.

ಬೆಳಿಗ್ಗೆ ಅಟ್ಟದಿಂದ ಸಿತಾರ್ ಇಳಿಸಿದೆ. ಈ ಮಳೆಯ ತೇವಕ್ಕೆ ತಂತಿಗೆಲ್ಲ ತುಕ್ಕು. ಗವಸಿನ ಜೇಬಲ್ಲಿ ಒಂದು ಹೊಸ ತಂತಿ ಇತ್ತು, ಹಾಕಿಸಿದೆ. ನಿನ್ನ ಹಳೇ ನೋಟ್‌ಬುಕ್ ತೆರೆದಿಟ್ಟು ಮಿಜ್ರಾಬ್, ಅದೇ ತಂತಿ ಮೀಟೋ ಉಂಗುರ, ಬೆರಳಿಗೆ ತೂರಿಸಿದೆ. 'ದಾ' ಅಂದರೆ ಒಳಕ್ಕೆ ಮೀಟೋದು, 'ರಾ' ಅಂದರೆ ಹೊರಕ್ಕೆ. ತಂತಿಯ ಕೆಳಗಿನ ಲೋಹದ ಅಡ್ಡಪಟ್ಟಿ, ಅದೇ ಪರದೆ, ಅದರ ಮೇಲೇ ಬೆರಳಿಟ್ಟರೆ ಸದ್ದು ಸಾಯುತ್ತೆ, ಕೂದಲೆಳೆಯಷ್ಟು ಹಿಂದೆ ಒತ್ತಬೇಕು. ಅರ್ಧ ಗಂಟೆಗೆ ಸಾ ರೇ ಗ ತನಕ ಬಂದೆ. ಅಷ್ಟಕ್ಕೇ ನನ್ನ ಬೆರಳಲ್ಲೂ ಅದೇ ಗೆರೆ. ಕತ್ತಿ, ಹಾರೆ ಹಿಡಿದು ಗಟ್ಟಿಯಾದ ಕೈ ಇದು, ಆದರೂ ಉರಿಯಿತು. ಆಗ ನಿನ್ನ ಕೈ ಎಷ್ಟು ಮೆತ್ತಗಿತ್ತು!

ಗುರುಗಳು ಪಲಟಾ ಮಾಡಿಸುತ್ತಿರೋದು ಸುಮ್ನೆ ಅಲ್ಲ. ಸಾರೇಗ, ರೇಗಮ, ಗಮಪ ಅಂತ ಸಾವಿರ ಸಲ ಹೋಗಿ ಬಂದ ಬೆರಳಿಗೆ ಮಾತ್ರ ದಾರಿ ಗೊತ್ತಿರುತ್ತೆ. ಮುಂದೆ ಮೀಂಡ್ ಬರುತ್ತೆ, ಒಂದೇ ಪರದೆಯ ಮೇಲೆ ತಂತಿ ಪಕ್ಕಕ್ಕೆ ಎಳೆದು ಮೇಲಿನ ಸ್ವರ ಮುಟ್ಟಬೇಕು, ಅಲ್ಲಿ ಕೈ ಹಿಡಿಯೋಕೆ ಪರದೆ ಇಲ್ಲ, ಕಿವಿ ಮಾತ್ರ. ಬಿಲಾವಲ್ ರಾಗದ ಶುದ್ಧ ಮ ಕಿವಿಗೆ ಕೂರದಿದ್ದರೆ ಯಮನ್ ರಾಗದ ತೀವ್ರ ಮ ಹೇಗೆ ಹಿಡಿತೀಯ? ಅದೂ ಧಾರವಾಡದಲ್ಲಿದ್ದುಕೊಂಡು, ರಹಿಮತ್ ಖಾನರು ನೆಲೆಸಿ ಸಿತಾರ್ ಬೆಳೆಸಿದ ಊರಲ್ಲಿ! ದಿನಾ ಅರ್ಧ ಗಂಟೆ ಕೂರು. ಆಫೀಸಿಂದ ಬಂದು ಸುಸ್ತು ಅಂತ ಗೊತ್ತು, ಊಟ ಜಾಸ್ತಿ ಲೇಟ್ ಮಾಡಬೇಡ. ಭಾಷಣ ಆಯ್ತೇನೋ.

ದುಡಿದ ದುಡ್ಡಲ್ಲಿ ನೀನೇ ಕ್ಲಾಸ್ ಸೇರಿದೆ ಅಂತ ಊರಲ್ಲೆಲ್ಲ ಹೇಳಿದ್ದೀನಿ, ನಿನಗೊಬ್ಬಳಿಗೆ ಹೇಳಿರಲಿಲ್ಲ.

ಅಮ್ಮ ಕೊಬ್ಬರಿ ಎಣ್ಣೆ ಕಳಿಸಿದ್ದಾಳೆ, ನುಡಿಸೋ ಮುಂಚೆ ಬೆರಳಿಗೆ ಸ್ವಲ್ಪ ಸವರಿಕೋ. ಕ್ಲಾಸಿನ ವಿಷಯ ನಿನ್ನಿಷ್ಟ. ಶನಿವಾರ ವಿಡಿಯೋ ಕಾಲ್ ಮಾಡು, ಬೆರಳು ತೋರಿಸು. ನೋಡ್ತೀನಿ.

ಅಪ್ಪಯ್ಯ
ತೀರ್ಥಹಳ್ಳಿ