‘ಪರೀಕ್ಷಿಸಲಾಗಿದೆ’ ಎಂದು ಬರೆದು ಕಳಿಸಿದ ಹಳೆಯ ಜಪಾನಿ ಗೇಮ್‌ಗಳ ಬಗ್ಗೆ ದೂರು

ಗೆ,
ಕುಂದುಕೊರತೆ ಅಧಿಕಾರಿಗಳು,
ಜಪಾನಿನಿಂದ ಹಳೆಯ ವಿಡಿಯೋ ಗೇಮ್ ತರಿಸಿಕೊಡುವ ನಿಮ್ಮ ಸಂಸ್ಥೆ,
ಬೆಂಗಳೂರು.

ವಿಷಯ: ಪರೀಕ್ಷಿಸದ, ಅಪೂರ್ಣ ಹಾಗೂ ನಕಲಿ ಸರಕು ಪೂರೈಕೆ, ಅಪಾಯಕಾರಿ ವಿದ್ಯುತ್ ಕೇಬಲ್, ಹಣ ವಾಪಸಾತಿ ಕುರಿತು.

ಮಾನ್ಯರೇ,

ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿರುವ ನಾವು ಕೆಲವು ಸಂಗ್ರಾಹಕರು ಕೂಡಿ ನಿಮ್ಮ ಮೂಲಕ ಸೂಪರ್ ಫ್ಯಾಮಿಕಾಮ್, ಫ್ಯಾಮಿಕಾಮ್ ಮತ್ತು ಅದರ ಡಿಸ್ಕ್ ಸಿಸ್ಟಮ್, ಪಿಸಿ ಎಂಜಿನ್ ಡ್ಯುಓ, ಸೆಗಾ ಸ್ಯಾಟರ್ನ್ ಎಂಬ ಟಿವಿಗೆ ಜೋಡಿಸುವ ಗೇಮ್ ಕನ್ಸೋಲ್‌ಗಳನ್ನೂ ಅವುಗಳ ಗೇಮ್‌ಗಳನ್ನೂ, ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಅಡ್ವಾನ್ಸ್‌ನ ಒಂದು ಕಾರ್ಟ್ರಿಜ್ಜನ್ನೂ (ಗೇಮ್ ಇರುವ, ಯಂತ್ರಕ್ಕೆ ಸಿಕ್ಕಿಸುವ ಡಬ್ಬಿ) ತರಿಸಿಕೊಂಡೆವು. ಬಿಲ್, ಆರ್ಡರ್ ಸಂಖ್ಯೆ, ಪೆಟ್ಟಿಗೆ ತೆರೆಯುವಾಗ ತೆಗೆದ ವಿಡಿಯೋ, ಬೋರ್ಡ್‌ಗಳ ಫೋಟೋ ಎಲ್ಲವನ್ನೂ ಲಗತ್ತಿಸಿದ್ದೇವೆ. ಬಿಲ್‌ನ ಪ್ರತಿ ಸಾಲಿನ ಮುಂದೆಯೂ ‘ಪರೀಕ್ಷಿಸಲಾಗಿದೆ, ಕೆಲಸ ಮಾಡುತ್ತಿದೆ’ ಎಂದಿದೆ. ಜಪಾನಿನ ಅಂಗಡಿಗಳಲ್ಲಿ ಪರೀಕ್ಷಿಸದ ಮಾಲು ಜಂಕ್ ಬುಟ್ಟಿಯಲ್ಲಿ ಅಗ್ಗಕ್ಕೆ ಸಿಗುತ್ತದೆ, ವಾಪಸು ತೆಗೆದುಕೊಳ್ಳುವುದಿಲ್ಲ ಎಂಬುದು ನಮಗೆ ಗೊತ್ತು. ಬೇಕಾದಾಗ ಗೊತ್ತಿದ್ದೇ ಕೊಳ್ಳುತ್ತೇವೆ. ಇಲ್ಲಿ ಪರೀಕ್ಷಿಸಿದ ಮಾಲಿನ ಬೆಲೆ ಕೊಟ್ಟಿದ್ದೇವೆ. ಮೂವತ್ತು ವರ್ಷ ಹಳೆಯ ವಸ್ತು ಹಳತಾಗಿದೆ ಎಂದು ನಾವು ದೂರುತ್ತಿಲ್ಲ. ನಿಮ್ಮ ಗೋದಾಮಿನಲ್ಲಿ ಪರೀಕ್ಷೆ ಎಂದರೆ ಟೈಟಲ್ ಪರದೆ ಕಾಣಿಸಿದ ಕೂಡಲೇ ಸ್ವಿಚ್ ಆರಿಸುವುದು ಎಂದಾಗಿದೆ. ಈ ಯಂತ್ರಗಳು ಕೆಡುವುದೆಲ್ಲ ಆ ಪರದೆಯ ಆಚೆಗೆ. ನಮ್ಮ ದೂರು ಅದು.

ಮೊದಲು ಜೀವಕ್ಕೆ ಅಪಾಯವಿರುವ ಸಂಗತಿ. ಸ್ಯಾಟರ್ನ್ ಜೊತೆ ನೀವು ಭಾರತದ ಎರಡು ಗುಂಡು ಪಿನ್ನಿನ ಕೇಬಲ್ ಇಟ್ಟು ಕಳಿಸಿದ್ದೀರಿ. ಜಪಾನಿನಲ್ಲಿ ಮಾರಾಟವಾದ ಸ್ಯಾಟರ್ನ್‌ಗೆ ಹೊರಗಿನ ಅಡಾಪ್ಟರ್ ಇರುವುದಿಲ್ಲ. ಪವರ್ ಸಪ್ಲೈ ಒಳಗೇ ಇದೆ, ಅದು 100 ವೋಲ್ಟ್‌ನದು. ಹಿಂಬದಿಯ ಕಿಂಡಿ ಮಾತ್ರ ಎಂಟರ ಆಕಾರದ ಮಾಮೂಲಿ ಕಿಂಡಿ, ನಮ್ಮ ಮನೆಯ ಟೇಪ್ ರೆಕಾರ್ಡರ್ ಕೇಬಲ್ ಕೂಡ ಅದಕ್ಕೆ ಸಲೀಸಾಗಿ ಕೂರುತ್ತದೆ. ಹಾಗೆ ಗೋಡೆಗೆ ಚುಚ್ಚಿದರೆ 230 ವೋಲ್ಟ್ ನೇರ ಒಳಗೆ ಹೋಗುತ್ತದೆ. ಫ್ಯೂಸ್ ಹಾರಿದರೆ ಪುಣ್ಯ. ಇಲ್ಲವಾದರೆ ಕೆಪಾಸಿಟರ್ ಸಿಡಿಯುತ್ತದೆ. ಜಪಾನಿನ ಮೊದಲ ಪ್ಲೇಸ್ಟೇಷನ್‌ಗೂ ಇದೇ ಮಾತು ಅನ್ವಯಿಸುತ್ತದೆ. ನಮ್ಮಲ್ಲಿ ಯಂತ್ರದ ಅಡಿಭಾಗದ ಬರಹ ಓದುವ ರೂಢಿ ಇದ್ದುದರಿಂದ ಅದನ್ನು ಚುಚ್ಚಲಿಲ್ಲ. ಬೇರೆ ಗ್ರಾಹಕರಿಗೂ ಇದೇ ಕೇಬಲ್ ಹೋಗಿದ್ದರೆ ದಯವಿಟ್ಟು ಈ ಪತ್ರಕ್ಕೆ ಉತ್ತರಿಸುವ ಮೊದಲು ಅವರಿಗೆ ಫೋನ್ ಮಾಡಿ. ಜಪಾನಿ ಕನ್ಸೋಲ್ ಜೊತೆ ಕೊಡಬೇಕಾದದ್ದು 230ರಿಂದ 100 ವೋಲ್ಟ್‌ಗೆ ಇಳಿಸುವ ಟ್ರಾನ್ಸ್‌ಫಾರ್ಮರ್. ಒಂದು ಯಂತ್ರಕ್ಕೆ 100 ವಿಎ ಸಾಮರ್ಥ್ಯದ್ದು ಧಾರಾಳವಾಯಿತು. ಅದನ್ನು ಕೊಡಲಾಗದಿದ್ದರೆ ಕಿಂಡಿಯ ಮೇಲೆ ಎದ್ದು ಕಾಣುವ ಎಚ್ಚರಿಕೆ ಚೀಟಿಯನ್ನಾದರೂ ಅಂಟಿಸಿ.

ಸೂಪರ್ ಫ್ಯಾಮಿಕಾಮ್‌ನ ಮೂಲ ಅಡಾಪ್ಟರ್ ತೆಗೆದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ರೂಟರ್‌ಗೆಂದು ಮಾರುವಂಥ 9 ವೋಲ್ಟ್ ಅಡಾಪ್ಟರ್ ಇಟ್ಟಿದ್ದೀರಿ. ಪಿನ್ ಗಾತ್ರ ಹೊಂದುತ್ತದೆ, ಧ್ರುವ ಹೊಂದುವುದಿಲ್ಲ. ಮೂಲ ಅಡಾಪ್ಟರ್ ಎಚ್‌ವಿಸಿ-002 ಕೊಡುವುದು 10 ವೋಲ್ಟ್ ಡಿಸಿ, 850 ಮಿಲಿ ಆಂಪಿಯರ್. ನಡುವಿನ ಪಿನ್ ಋಣ. ರೂಟರ್ ಅಡಾಪ್ಟರ್‌ನಲ್ಲಿ ನಡುವಿನ ಪಿನ್ ಧನ. ನೀವು ಕಳಿಸಿದ ಯಂತ್ರದ ಒಳಗಿನ ಫ್ಯೂಸ್ ಸುಟ್ಟಿತ್ತು. ನಿಮ್ಮ ಗೋದಾಮಿನಲ್ಲೇ ಯಾರೋ ಇದೇ ಅಡಾಪ್ಟರ್ ಹಾಕಿ ನೋಡಿದ್ದಾರೆ ಎನ್ನಲು ಬೇರೆ ಪುರಾವೆ ಬೇಕಿಲ್ಲ. ಮೂಲ ಅಡಾಪ್ಟರ್ ಕೂಡ ನಮ್ಮ ಸ್ವತ್ತು. ಅದನ್ನು ವಾಪಸು ಕೊಡಿ.

ಇನ್ನು ಕಾರ್ಟ್ರಿಜ್‌ಗಳು. ಆರ್ಡರ್‌ನಲ್ಲಿದ್ದ ಸೂಪರ್ ಫ್ಯಾಮಿಕಾಮ್ ಗೇಮ್‌ಗಳಲ್ಲಿ ಹೆಚ್ಚಿನವು ರೋಲ್ ಪ್ಲೇಯಿಂಗ್: 1992ರ ಡ್ರ್ಯಾಗನ್ ಕ್ವೆಸ್ಟ್ 5, ಫೈನಲ್ ಫ್ಯಾಂಟಸಿ 5, 1995ರ ಕ್ರೋನೋ ಟ್ರಿಗರ್. ಹತ್ತಾರು ಗಂಟೆ ಆಡುವ ಇಂಥ ಆಟಗಳಲ್ಲಿ ಸೇವ್ (ಆಟ ಎಲ್ಲಿಗೆ ಬಂತು ಎಂಬ ದಾಖಲೆ) ಉಳಿಯದಿದ್ದರೆ ಕಾರ್ಟ್ರಿಜ್ ಕೆಲಸ ಮಾಡುತ್ತಿದೆ ಎನ್ನಲಾಗದು. ಸೇವ್ ಇರುವುದು ವಿದ್ಯುತ್ತು ಇದ್ದಷ್ಟು ಹೊತ್ತು ಮಾತ್ರ ನೆನಪಿಡುವ ಎಸ್‌ರ್‍ಯಾಮ್ ಚಿಪ್‌ನಲ್ಲಿ. ಅದನ್ನು ಎಚ್ಚರವಾಗಿಡುವುದು ಬೋರ್ಡ್‌ಗೆ ಬೆಸೆದ ಸಿಆರ್2032 ಬ್ಯಾಟರಿ. ಡ್ರ್ಯಾಗನ್ ಕ್ವೆಸ್ಟ್‌ನಲ್ಲಿ ಸೇವ್ ಮಾಡಿ ಮರುದಿನ ಹಾಕಿದರೆ ‘ಸಾಹಸದ ಪುಸ್ತಕ ಅಳಿಸಿಹೋಗಿದೆ’ ಎಂದು ಆಟವೇ ತಿಳಿಸುತ್ತದೆ. ಮೀಟರ್ ಇಟ್ಟು ನೋಡಿದರೆ ಬ್ಯಾಟರಿಯಲ್ಲಿ 2 ವೋಲ್ಟ್‌ ಕೂಡ ಇಲ್ಲ; ಹೊಸದರಲ್ಲಿ 3 ಇರುತ್ತದೆ, 2.5ಕ್ಕಿಂತ ಇಳಿದರೆ ನಂಬುವ ಹಾಗಿಲ್ಲ. ನಿಮ್ಮವರು ಸೇವ್ ಮಾಡಿ, ಆರಿಸಿ, ತಕ್ಷಣ ಮತ್ತೆ ಹಾಕಿ ನೋಡಿದ್ದೇವೆ ಎಂದು ಬರೆದಿದ್ದಾರೆ. ಅದರಿಂದ ಏನೂ ಸಾಬೀತಾಗದು. ಬೋರ್ಡ್‌ನಲ್ಲಿ ಉಳಿದ ವಿದ್ಯುತ್ತು ಸ್ವಲ್ಪ ಹೊತ್ತು ಎಸ್‌ರ್‍ಯಾಮ್ ಅನ್ನು ಕಾಯಬಲ್ಲದು. ಕಾರ್ಟ್ರಿಜ್ಜನ್ನು ಹೊರಗೆ ತೆಗೆದಿಟ್ಟು ಒಂದು ರಾತ್ರಿ ಕಳೆದ ಮೇಲೆ ನೋಡಬೇಕು.

ಬ್ಯಾಟರಿ ಸತ್ತಿದೆ ಎಂದು ಮೊದಲೇ ಹೇಳಿದ್ದರೆ ನಾವೇ ಬದಲಿಸಿಕೊಳ್ಳುತ್ತಿದ್ದೆವು, ಅದು ದೊಡ್ಡ ಕೆಲಸವಲ್ಲ. ಆದರೆ ಫೈನಲ್ ಫ್ಯಾಂಟಸಿ 5ರ ಕಾರ್ಟ್ರಿಜ್ ತೆರೆದಾಗ ಕಂಡದ್ದು ಬೇರೆ. ಹಳೆಯ ಬ್ಯಾಟರಿಯನ್ನು ಕಿತ್ತು, ಹೊಸದನ್ನು ಹಳೆಯ ಲೋಹದ ಪಟ್ಟಿಗಳ ನಡುವೆ ತುರುಕಿ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಲಾಗಿದೆ. ಕನ್ಸೋಲ್ ಬಿಸಿಗೆ ಟೇಪಿನ ಅಂಟು ಸಡಿಲವಾಗಿ ಪಟ್ಟಿ ಕೂದಲೆಳೆಯಷ್ಟು ಸರಿದರೂ ಸೇವ್ ಹೋಯಿತು. ಮಾಡಬೇಕಾದದ್ದು ಇಷ್ಟು: 3.8 ಮಿಲಿಮೀಟರ್ ಗೇಮ್‌ಬಿಟ್ ಎಂಬ ವಿಶೇಷ ಸ್ಕ್ರೂಡ್ರೈವರ್‌ನಿಂದ ಎರಡು ಸ್ಕ್ರೂ ಬಿಚ್ಚಬೇಕು, ಪಟ್ಟಿ ಬೆಸೆದೇ ಬರುವ ಸಿಆರ್2032 ತರಿಸಬೇಕು, ಬೋರ್ಡ್ ಮೇಲಿನ ಧನ, ಋಣ ಗುರುತು ನೋಡಿ ಪಟ್ಟಿಗೆ ಮಾತ್ರ ಬೆಸುಗೆ ಹಾಕಬೇಕು. ಬ್ಯಾಟರಿಯ ಮೈಗೆ ಕಾವು ತಾಗಿಸಬಾರದು. ನಿಮ್ಮವರ ಬಳಿ ಗೇಮ್‌ಬಿಟ್ ಕೂಡ ಇದ್ದಂತಿಲ್ಲ. ಸ್ಕ್ರೂ ತಲೆಗಳಲ್ಲಿ ಅದರ ಬದಲಿಗೆ ಕರಗಿಸಿ ಒತ್ತಿದ ಪೆನ್ನಿನ ಪ್ಲಾಸ್ಟಿಕ್ ಮೆತ್ತಿಕೊಂಡಿದೆ.

ಕ್ರೋನೋ ಟ್ರಿಗರ್‌ನ ಪಿನ್‌ಗಳನ್ನು ಉಜ್ಜು ಕಾಗದದಿಂದ ತಿಕ್ಕಲಾಗಿದೆ. ಭೂತಗನ್ನಡಿಯಲ್ಲಿ ನೋಡಿದರೆ ಓರೆಯಾದ ಗೀರುಗಳು, ಮಧ್ಯದ ಐದಾರು ಪಿನ್‌ಗಳಲ್ಲಿ ಚಿನ್ನದ ಲೇಪನ ಹೋಗಿ ತಾಮ್ರ ಕೆಂಪಗೆ ಕಾಣುತ್ತದೆ. ಇಂದು ಆಟ ಓಡುತ್ತದೆ, ನಿಜ. ಬೋಳಾದ ತಾಮ್ರ ನಮ್ಮ ಮಳೆಗಾಲದ ತೇವಕ್ಕೆ ಹಸಿರು ಕಟ್ಟುತ್ತದೆ, ಆಮೇಲೆ ಕನ್ಸೋಲ್‌ನ ಕಿಂಡಿಯನ್ನೂ ಕೆಡಿಸುತ್ತದೆ. ಈ ಪಿನ್‌ಗಳಿಗೆ ಬೇಕಾದದ್ದು 99 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ಹತ್ತಿಯ ಕಡ್ಡಿ. ಹೋದ ಲೇಪನ ಮತ್ತೆ ಬರುವುದಿಲ್ಲ. ಹಾಗಾಗಿ ಇದನ್ನು ದುರಸ್ತಿ ಮಾಡಿಸಿಕೊಡುತ್ತೇವೆ ಎಂಬ ನಿಮ್ಮ ಮಾತನ್ನು ಒಪ್ಪುವುದಿಲ್ಲ.

ಗೇಮ್ ಬಾಯ್ ಅಡ್ವಾನ್ಸ್‌ನ ಪೋಕೆಮಾನ್ ಎಮರಾಲ್ಡ್ ನಕಲಿ. ಸೇವ್ ಉಳಿಯುತ್ತಿಲ್ಲ ಎಂದು ಬರೆದಾಗ ನಿಮ್ಮ ಸೇವಾ ವಿಭಾಗ ‘ಬ್ಯಾಟರಿ ಮುಗಿದಿದೆ, ಹಳೆಯ ಗೇಮ್‌ನಲ್ಲಿ ಸಹಜ’ ಎಂದು ಉತ್ತರಿಸಿತು. ಆ ಉತ್ತರವೇ ನಮ್ಮ ವಾದಕ್ಕೆ ಸಾಕ್ಷಿ. 2004ರಲ್ಲಿ ಜಪಾನಿನಲ್ಲಿ ಬಂದ ಅಸಲಿ ಎಮರಾಲ್ಡ್ ಸೇವ್ ಬರೆದುಕೊಳ್ಳುವುದು ಫ್ಲ್ಯಾಷ್ ಮೆಮೊರಿಯಲ್ಲಿ. ಅದಕ್ಕೆ ಬ್ಯಾಟರಿಯೇ ಬೇಡ. ಒಳಗಿನ ಬ್ಯಾಟರಿ ಇರುವುದು ಗಡಿಯಾರಕ್ಕಾಗಿ. ಅದು ಸತ್ತರೆ ಆಟ ಶುರುವಾಗುವಾಗ ಬ್ಯಾಟರಿ ಮುಗಿದಿದೆ ಎಂಬ ಸೂಚನೆ ಬರುತ್ತದೆ, ಸಮಯಕ್ಕೆ ಕಟ್ಟಿಕೊಂಡ ಘಟನೆಗಳು ನಿಲ್ಲುತ್ತವೆ, ಸೇವ್ ಮಾತ್ರ ಹಾಗೇ ಇರುತ್ತದೆ. ಬ್ಯಾಟರಿ ಸತ್ತು ಸೇವ್ ಹೋಗುವ ಎಮರಾಲ್ಡ್ ಎಂದರೆ ಅಸಲಿ ಬೋರ್ಡ್ ಅಲ್ಲ. ಬೇರೆ ಗುರುತುಗಳನ್ನೂ ನೋಡಿದೆವು. ಅಸಲಿಯಲ್ಲಿ ಲೇಬಲ್ ಮೇಲೆ ಅಂಕಿಗಳ ಸಣ್ಣ ಒತ್ತುಮುದ್ರೆ ಇರುತ್ತದೆ, ಬೆಳಕಿಗೆ ಓರೆ ಹಿಡಿದರೆ ಕಾಣುತ್ತದೆ, ಇದರಲ್ಲಿ ಇಲ್ಲ. ಅಸಲಿಯಲ್ಲಿ ಪಿನ್‌ಗಳ ಮೇಲ್ಗಡೆ ಬೋರ್ಡ್‌ನಲ್ಲೇ ನಿಂಟೆಂಡೊ ಹೆಸರು ಅಚ್ಚಾಗಿರುವುದನ್ನು ತೆರೆಯದೆಯೂ ಕಿಂಡಿಯಿಂದ ಓದಬಹುದು. ಇದರಲ್ಲಿ ಅದೂ ಇಲ್ಲ. ಇದನ್ನು ನೋಡಲು ಒಂದು ನಿಮಿಷ ಸಾಕು, ಉಪಕರಣ ಬೇಡ. ಪೋಕೆಮಾನ್ ಕಾರ್ಟ್ರಿಜ್‌ಗಳಷ್ಟು ನಕಲಾಗುವ ಗೇಮ್ ಕಡಿಮೆ ಎಂಬುದನ್ನು ಈ ವ್ಯಾಪಾರದಲ್ಲಿರುವವರಿಗೆ ನಾವು ಹೇಳಿಕೊಡಬೇಕಾಗಿ ಬಂದಿದೆ.

ಫ್ಯಾಮಿಕಾಮ್ ಮತ್ತು ಡಿಸ್ಕ್ ಸಿಸ್ಟಮ್ ನಮಗೆ ಎಲ್ಲಕ್ಕಿಂತ ಮುಖ್ಯವಾದ ವಸ್ತು. ಫ್ಯಾಮಿಕಾಮ್‌ಗೆ ಡಿಸ್ಕ್‌ನಿಂದ ಗೇಮ್ ಓದಿಸುವ, 1986ರ ಫೆಬ್ರುವರಿಯಲ್ಲಿ ಬಂದ ಈ ಡ್ರೈವ್‌ನಲ್ಲಿ ರಬ್ಬರ್ ಬೆಲ್ಟ್ ಇದೆ. ಕಾಲ ಕಳೆದಂತೆ ಅದು ಕರಗಿ ಡಾಂಬರಿನಂತೆ ಮೋಟಾರ್ ಗಾಲಿಗೆ ಅಂಟಿಕೊಳ್ಳುತ್ತದೆ. ಇದು ಎಲ್ಲರಿಗೂ ಗೊತ್ತಿರುವ ರೋಗ, ನಿಮ್ಮವರೂ ‘ಹೊಸ ಬೆಲ್ಟ್ ಹಾಕಲಾಗಿದೆ’ ಎಂದು ಬರೆದಿದ್ದಾರೆ. ಹಾಕಿರುವುದು ನಿಜ. ಹಳೆಯ ಅಂಟನ್ನು ಆಲ್ಕೋಹಾಲ್‌ನಿಂದ ಪೂರ್ತಿ ಒರೆಸಿಲ್ಲ, ಹೊಸ ಬೆಲ್ಟ್ ಅದರ ಮೇಲೇ ಕೂತು ಜಾರುತ್ತಿದೆ. ಬೆಲ್ಟ್ ಬದಲಿಸಿದ ಮೇಲೆ ಡಿಸ್ಕ್ ತಿರುಗಿಸುವ ಸ್ಪಿಂಡಲ್‌ನ ಸ್ಥಾನವನ್ನೂ ಮೋಟಾರ್ ವೇಗವನ್ನೂ ಸರಿಹೊಂದಿಸಬೇಕು, ಇಲ್ಲದಿದ್ದರೆ ಹೆಡ್ ಓದಲು ಶುರುಮಾಡುವ ಜಾಗ ತಪ್ಪುತ್ತದೆ. ಪರಿಣಾಮವಾಗಿ ಲೆಜೆಂಡ್ ಆಫ್ ಜೆಲ್ಡಾ ಡಿಸ್ಕ್ ಹಾಕಿದರೆ ಒಮ್ಮೆ ಓದುತ್ತದೆ, ಮರುಸಲ ಎರರ್ 22 ಬರುತ್ತದೆ. ಬೇರೆ ಡಿಸ್ಕ್ ಹಾಕಿದರೂ ಅಷ್ಟೇ, ಆದ್ದರಿಂದ ದೋಷ ಡಿಸ್ಕ್‌ನದಲ್ಲ. ಎರಡೂ ಮಗ್ಗುಲು ಓದಿಸಿ, ಒಮ್ಮೆ ಸೇವ್ ಬರೆಸಿ ನೋಡದೆ ಡ್ರೈವ್ ಸರಿಯಿದೆ ಎನ್ನಬಾರದು.

ಹಾಗೆಯೇ ಫ್ಯಾಮಿಕಾಮ್‌ನ ಎರಡನೇ ಕಂಟ್ರೋಲರ್‌ನಲ್ಲಿ ಮೈಕ್ ಇದೆ. ಜೆಲ್ಡಾದಲ್ಲಿ ಉದ್ದ ಕಿವಿಯ ಪೋಲ್ಸ್ ವಾಯ್ಸ್ ಎಂಬ ಶತ್ರುವನ್ನು ಈ ಮೈಕಿಗೆ ಕೂಗಿ ಕೊಲ್ಲಬಹುದು, ಅಮೆರಿಕದ ಆವೃತ್ತಿಗೆ ಬಾರದ ಸೊಗಸು ಅದು. ನೀವು ಕಳಿಸಿದ್ದರಲ್ಲಿ ಮೈಕ್ ಸತ್ತಿದೆ. ಕಂಟ್ರೋಲರ್‌ಗಳ ತಂತಿ ಯಂತ್ರದ ಒಳಗಿನಿಂದಲೇ ಬರುವುದರಿಂದ ಬೇರೆಯದನ್ನು ಸಿಕ್ಕಿಸಿ ಬಗೆಹರಿಸುವಂತೆಯೂ ಇಲ್ಲ. ಜಪಾನಿ ಯಂತ್ರವನ್ನೇ ಹುಡುಕಿ ಕೊಳ್ಳುವವರು ಇಂಥದಕ್ಕಾಗಿಯೇ ಕೊಳ್ಳುತ್ತಾರೆ.

ಪಿಸಿ ಎಂಜಿನ್ ಡ್ಯುಓ 1991ರದು. ಅದರ ಬೋರ್ಡ್ ಮೇಲಿನ ಸಣ್ಣ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಸೋರುತ್ತವೆ. ಸೋರಿದ ದ್ರವ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಹ್ಯೂಕಾರ್ಡ್ (ಕಾರ್ಡ್ ರೂಪದ ಗೇಮ್) ಹಾಕಿದರೆ ಚಿತ್ರ ಚೆನ್ನಾಗಿಯೇ ಬರುತ್ತದೆ, ನಿಮ್ಮವರು ಅಲ್ಲಿಗೆ ನಿಲ್ಲಿಸಿದ್ದಾರೆ. 1993ರ ಅಕುಮಾಜೋ ಡ್ರಾಕುಲಾ ಎಕ್ಸ್ ಸಿಡಿ ಹಾಕಿದರೆ ನಾಯಕನ ಚಾಟಿಯ ಸದ್ದು ಕ್ಷೀಣವಾಗಿ ಕೇಳುತ್ತದೆ, ಸಿಡಿಯಿಂದ ಬರಬೇಕಾದ ಸಂಗೀತವೇ ಇಲ್ಲ. ಮುಚ್ಚಳ ತೆರೆದಾಗ ಮೀನಿನಂಥ ವಾಸನೆ. ಈ ಯಂತ್ರಕ್ಕೆ ಅರ್ಧ ಗಂಟೆ ಸಿಡಿ ಗೇಮ್ ಓಡಿಸುವುದೇ ಪರೀಕ್ಷೆ. ಕೆಪಾಸಿಟರ್ ಬದಲಿಸಿದ ಯಂತ್ರವೋ ಅಲ್ಲವೋ ಎಂಬುದನ್ನು ಜಾಹೀರಾತಿನಲ್ಲೇ ಬರೆಯಬೇಕು. ಬೆಲೆ ನಿಲ್ಲುವುದೇ ಅದರ ಮೇಲೆ.

ಸ್ಯಾಟರ್ನ್‌ನ ಒಳ ಮೆಮೊರಿಯ ಬ್ಯಾಟರಿ ಸತ್ತಿದ್ದುದನ್ನು ನಾವು ದೋಷವೆಂದು ಎಣಿಸಿಲ್ಲ. ಹಿಂದಿನ ಮುಚ್ಚಳ ತೆಗೆದು ಹೊಸದು ಹಾಕಿದರೆ ಮುಗಿಯಿತು.

ಆದರೆ ‘ಸಂಪೂರ್ಣ’ ಎಂದು ಕಳಿಸಿದ 1998ರ ರೇಡಿಯಂಟ್ ಸಿಲ್ವರ್‌ಗನ್‌ನಲ್ಲಿ ಸ್ಪೈನ್ ಕಾರ್ಡ್ ಇಲ್ಲ. ಸಿಡಿ ಡಬ್ಬಿಯ ಬೆನ್ನಿಗೆ ಮಡಚಿ ಸಿಕ್ಕಿಸಿರುವ ಆ ಕಾಗದದ ಪಟ್ಟಿ ತೆರೆದ ಕೂಡಲೇ ಕಳೆದುಹೋಗುವಂಥದ್ದು, ಆದ್ದರಿಂದಲೇ ಅದು ಇದ್ದರೆ ಒಂದು ಬೆಲೆ, ಇಲ್ಲದಿದ್ದರೆ ಇನ್ನೊಂದು. ನಿಮ್ಮ ಜಾಹೀರಾತಿನ ಫೋಟೋದಲ್ಲಿ ಪಟ್ಟಿ ಸ್ಪಷ್ಟವಾಗಿ ಕಾಣುತ್ತದೆ, ನಮಗೆ ಬಂದ ಡಬ್ಬಿಯಲ್ಲಿ ಇಲ್ಲ. ಅದು ನಿಮ್ಮ ಗೋದಾಮಿನಲ್ಲೇ ಉಳಿದಿರಬೇಕು, ಹುಡುಕಿಸಿ.

ಡ್ರ್ಯಾಗನ್ ಕ್ವೆಸ್ಟ್ 5ರ ರಟ್ಟಿನ ಪೆಟ್ಟಿಗೆಯ ಮುಖದ ಮೇಲೆ ನಿಮ್ಮ ಬಾರ್‌ಕೋಡ್ ಚೀಟಿಯನ್ನು ನೇರವಾಗಿ ಅಂಟಿಸಿದ್ದೀರಿ. ಸೂಪರ್ ಫ್ಯಾಮಿಕಾಮ್ ಪೆಟ್ಟಿಗೆಗಳು ತೆಳು ರಟ್ಟಿನವು. ಚೀಟಿ ಕಿತ್ತರೆ ಅಚ್ಚಿನ ಪದರವೂ ಜೊತೆಗೆ ಏಳುತ್ತದೆ. ಮೂರು ದಶಕ ಯಾರದೋ ಮನೆಯಲ್ಲಿ ಜೋಪಾನವಾಗಿದ್ದ ಪೆಟ್ಟಿಗೆ ನಮ್ಮೂರಿಗೆ ಬಂದು ಹೀಗಾಯಿತಲ್ಲ ಎಂಬ ಸಂಕಟ ನಮಗಿದೆ. ಮೊದಲು ಪಾರದರ್ಶಕ ಪ್ಲಾಸ್ಟಿಕ್ ಕವಚ, ಚೀಟಿ ಅದರ ಮೇಲೆ, ಆಮೇಲೆ ಗುಳ್ಳೆ ಹಾಳೆ, ಕೊನೆಗೆ ಎರಡು ಪದರದ ಹೊರಪೆಟ್ಟಿಗೆ: ಪ್ಯಾಕಿಂಗ್ ಕ್ರಮ ಇದು. ಕನ್ಸೋಲ್ ಮತ್ತು ರಟ್ಟಿನ ಗೇಮ್ ಪೆಟ್ಟಿಗೆಗಳನ್ನು ಒಂದೇ ಪೆಟ್ಟಿಗೆಯಲ್ಲಿ ಹಾಕಬಾರದು. ಯಂತ್ರದ ಭಾರಕ್ಕೆ ಮೂಲೆಗಳು ಜಜ್ಜಿ ಹೋಗಿವೆ.

ನಮ್ಮ ಬೇಡಿಕೆಗಳು ಇವು. ಎಮರಾಲ್ಡ್, ಕ್ರೋನೋ ಟ್ರಿಗರ್ ಮತ್ತು ಡ್ಯುಓಗೆ ಪೂರ್ತಿ ಹಣ ವಾಪಸು, ಹಿಂದಕ್ಕೆ ಕಳಿಸುವ ಖರ್ಚು ನಿಮ್ಮದು. ಡಿಸ್ಕ್ ಸಿಸ್ಟಮ್ ಡ್ರೈವನ್ನು ಈ ಕೆಲಸ ಬಲ್ಲವರಿಂದ ಸರಿಹೊಂದಿಸಿ, ಎರಡೂ ಮಗ್ಗುಲು ಓದಿ ಬರೆಯುವ ವಿಡಿಯೋ ಸಮೇತ ಕೊಡಬೇಕು. ಆಗದಿದ್ದರೆ ಅದಕ್ಕೂ, ಮೈಕ್ ಸತ್ತ ಫ್ಯಾಮಿಕಾಮ್‌ಗೂ ಹಣ ವಾಪಸು. ಸೂಪರ್ ಫ್ಯಾಮಿಕಾಮ್‌ನ ಫ್ಯೂಸ್ ಬದಲಾವಣೆ ಮತ್ತು ಎರಡು ಕಾರ್ಟ್ರಿಜ್‌ಗಳ ಬ್ಯಾಟರಿ ಕೆಲಸದ ಖರ್ಚು. ರೇಡಿಯಂಟ್ ಸಿಲ್ವರ್‌ಗನ್ ಮತ್ತು ಡ್ರ್ಯಾಗನ್ ಕ್ವೆಸ್ಟ್ 5ಕ್ಕೆ ಬೆಲೆಯಲ್ಲಿನ ವ್ಯತ್ಯಾಸ. ಕಸ್ಟಮ್ಸ್ ಸುಂಕವೆಂದು ಒಟ್ಟು ಮೊತ್ತ ಹಾಕಿದ್ದೀರಿ. ಬಿಲ್ ಆಫ್ ಎಂಟ್ರಿಯ (ಕಸ್ಟಮ್ಸ್‌ಗೆ ಸಲ್ಲಿಸುವ ಆಮದು ದಾಖಲೆಯ) ಪ್ರತಿ ಕಳಿಸಿ.

‘ಹಳೆಯ ವಸ್ತುವಿಗೆ ವಾಪಸಾತಿ ಇಲ್ಲ’ ಎಂಬ ನಿಮ್ಮ ಷರತ್ತು ಇಲ್ಲಿ ನಿಲ್ಲುವುದಿಲ್ಲ. 2020ರ ಗ್ರಾಹಕ ಸಂರಕ್ಷಣೆ ಇ-ಕಾಮರ್ಸ್ ನಿಯಮಗಳ ಪ್ರಕಾರ ಜಾಹೀರಾತಿನಲ್ಲಿ ಹೇಳಿದ ಗುಣಗಳಿಲ್ಲದ ಸರಕನ್ನು ವಾಪಸು ಪಡೆಯಲು ನಿರಾಕರಿಸುವಂತಿಲ್ಲ. ಅದೇ ನಿಯಮಗಳಂತೆ ಈ ದೂರು ತಲುಪಿದ್ದಕ್ಕೆ 48 ಗಂಟೆಯೊಳಗೆ ಸ್ವೀಕೃತಿ ಕೊಟ್ಟು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಇಲ್ಲವಾದರೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೂ ನಂತರ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗುತ್ತೇವೆ. ವಸ್ತುಗಳನ್ನೆಲ್ಲ ಬಂದ ಸ್ಥಿತಿಯಲ್ಲೇ ಇಟ್ಟಿದ್ದೇವೆ. ನಿಮ್ಮ ತಂತ್ರಜ್ಞರು ಬಂದು ನೋಡುವುದಾದರೆ ಮೀಟರ್, ಗೇಮ್‌ಬಿಟ್, 100 ವೋಲ್ಟ್ ಟ್ರಾನ್ಸ್‌ಫಾರ್ಮರ್ ನಮ್ಮಲ್ಲೇ ಇವೆ. ಸ್ಯಾಟರ್ನ್ ಕೇಬಲ್ ವಿಷಯದಲ್ಲಿ ಮಾತ್ರ ತಿಂಗಳು ಕಾಯಬೇಡಿ, ಇಂದೇ ಕ್ರಮ ತೆಗೆದುಕೊಳ್ಳಿ.

ಇತಿ,
ಒಟ್ಟಾಗಿ ಆರ್ಡರ್ ಕೊಟ್ಟ ಸಂಗ್ರಾಹಕರು

ಲಗತ್ತು: ಬಿಲ್ ಪ್ರತಿ, ಜಾಹೀರಾತಿನ ಸ್ಕ್ರೀನ್‌ಶಾಟ್‌ಗಳು, ಪೆಟ್ಟಿಗೆ ತೆರೆದ ವಿಡಿಯೋ, ಬೋರ್ಡ್ ಮತ್ತು ಪಿನ್‌ಗಳ ಫೋಟೋ, ಸೇವಾ ವಿಭಾಗದ ಇಮೇಲ್‌ಗಳು.