ಮಗುವಿನ ಡಿಸ್ಚಾರ್ಜ್ ಸಮ್ಮರಿಗೆ ನಾಲ್ಕು ಸಾಲು ಸೇರಿಸಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ದಿನೇಶ್ ಗುಂಡೂರಾವ್ ಅವರಿಗೆ ಮಂಗಳೂರಿನಿಂದ ನಮಸ್ಕಾರ.

ಆರೋಗ್ಯ ಇಲಾಖೆ ನಿಮ್ಮದು, ದಕ್ಷಿಣ ಕನ್ನಡದ ಉಸ್ತುವಾರಿಯೂ ನಿಮ್ಮದೇ. ಹಾಗಾಗಿ ನಿಮಗೇ ಬರೆಯುತ್ತಿದ್ದೇನೆ. ಹೆರಿಗೆಯ ನಂತರ ಮನೆಗೆ ಕಳಿಸುವಾಗ ಮಗುವಿನ ಹೆಸರಲ್ಲಿ ಕೊಡುವ ಚಿಕಿತ್ಸೆಯ ಸಾರಾಂಶದಲ್ಲಿ, ಅಂದರೆ ಡಿಸ್ಚಾರ್ಜ್ ಸಮ್ಮರಿಯಲ್ಲಿ, ತಾಯಿಯ ಸೋಂಕಿನ ಬಗ್ಗೆ ನಾಲ್ಕು ಸಾಲು ಕಡ್ಡಾಯ ಮಾಡಿ. ನನ್ನ ಬೇಡಿಕೆ ಇಷ್ಟೇ.

ನಾನು ಮೆಡಿಕಲ್ ಕೋಡರ್. ಇಲ್ಲಿ ಕೂತು ಅಮೆರಿಕದ ಆಸ್ಪತ್ರೆಗಳ ಫೈಲ್ ಓದಿ, ವೈದ್ಯರು ಬರೆದ ಒಂದೊಂದು ಕಾಯಿಲೆಗೂ ನಿಗದಿಯಾದ ಕೋಡ್ ಹಾಕುವುದು ನನ್ನ ಕೆಲಸ. ಅಲ್ಲಿ ತಾಯಿಗೊಂದು ಫೈಲ್, ಮಗುವಿಗೊಂದು ಫೈಲ್. ತಾಯಿಯ ಸೋಂಕಿನಿಂದ ಮಗುವಿಗೆ ತೊಂದರೆ ಆಗಿದೆ, ಅಥವಾ ಆಗಬಹುದು ಎಂದು ವೈದ್ಯರು ಬರೆದಿದ್ದರೆ ಮಗುವಿನ ಫೈಲಿಗೆ ಪಿ00.2 ಬರುತ್ತದೆ. ಮಗುವಿನ ರಕ್ತಕ್ಕೇ ಬ್ಯಾಕ್ಟೀರಿಯಾ ಸೋಂಕು ಹರಡಿದ್ದರೆ ಪಿ36. ಸಂಶಯ ಬಂದು ನಿಗಾದಲ್ಲಿಟ್ಟು, ಪರೀಕ್ಷೆ ಮಾಡಿ, ಕೊನೆಗೆ ಏನೂ ಇಲ್ಲ ಅಂತ ಗೊತ್ತಾದರೆ ಝಡ್05.1. ಮೂರೂ ಬೇರೆ ಬೇರೆ. ವೈದ್ಯರು ಸ್ಪಷ್ಟವಾಗಿ ಬರೆಯದಿದ್ದರೆ ನಾವು ಊಹೆಯ ಮೇಲೆ ಹಾಕುವಂತಿಲ್ಲ, ಅವರಿಗೇ ಪ್ರಶ್ನೆ ಕಳಿಸಬೇಕು.

ಇನ್ನು ನಮ್ಮಲ್ಲಿಯ ಕಥೆ. ನಮ್ಮ ನೆಂಟರ ಮಗುವಿನ ಸಮ್ಮರಿ ಓದಿದೆ. ಯಾವ ಆಸ್ಪತ್ರೆ ಅಂತ ಬೇಡ. 'ಬೇಬಿ ಆಫ್' ಅಂತ ಬರೆದು ತಾಯಿಯ ಹೆಸರು. ಡಯಾಗ್ನೋಸಿಸ್ ಜಾಗದಲ್ಲಿ 'ಸೆಪ್ಸಿಸ್' (ರಕ್ತಕ್ಕೆ ಹರಡಿದ ಸೋಂಕು), ಅದರ ಪಕ್ಕ ಪೆನ್ನಲ್ಲಿ ಹಾಕಿದ ಒಂದು ಪ್ರಶ್ನೆ ಚಿಹ್ನೆ. ಕೆಳಗೆ ಆಂಪಿಸಿಲಿನ್, ಜೆಂಟಾಮೈಸಿನ್ ಎಂಬ ಎರಡು ಆಂಟಿಬಯಾಟಿಕ್. ಯಾಕೆ ಶುರು ಮಾಡಿದರು? ತಾಯಿಗೆ ಜ್ವರ ಇತ್ತಾ, ನೀರು ಹೋಗಿ ಜಾಸ್ತಿ ಹೊತ್ತಾಗಿತ್ತಾ? ಬರೆದಿಲ್ಲ. ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯಾ ಅಂತ ನೋಡುವ ಬ್ಲಡ್ ಕಲ್ಚರ್ ಕಳಿಸಿದ್ದಾರೆ, ರಿಪೋರ್ಟ್ ಏನು ಬಂತು ಅಂತಲೂ ಇಲ್ಲ. "ಮಗುವಿಗೆ ನಿಜವಾಗಿ ಇನ್ಫೆಕ್ಷನ್ ಆಗಿತ್ತಾ, ಸುಮ್ನೆ ಜಾಗ್ರತೆಗೆ ಇಂಜೆಕ್ಷನ್ ಕೊಟ್ಟದ್ದಾ?" ಅಂತ ಆ ತಾಯಿ ಈಗಲೂ ಕೇಳುತ್ತಾಳೆ. ಆ ಹಾಳೆ ನೋಡಿ ಯಾರೂ ಉತ್ತರ ಹೇಳಲಾರರು.

ಲಿವರಿಗೆ ತಗಲುವ ವೈರಸ್ ಸೋಂಕು ಹೆಪಟೈಟಿಸ್ ಬಿ ವಿಷಯದಲ್ಲಿ ಇದು ಇನ್ನೂ ಗಂಭೀರ. ತಾಯಿಗೆ ಅದು ಇದ್ದರೆ ಮಗುವಿಗೆ 24 ಗಂಟೆಯೊಳಗೆ ಲಸಿಕೆ ಬೇಕು, ಜೊತೆಗೆ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್ ಆದ ಇಮ್ಯುನೋಗ್ಲೋಬ್ಯುಲಿನ್ ಕೂಡ, ಅದು 12 ಗಂಟೆಯೊಳಗಾದರೆ ಒಳ್ಳೆಯದು. ಹುಟ್ಟುವಾಗ ಈ ಸೋಂಕು ತಗಲಿದ ಮಕ್ಕಳಲ್ಲಿ ಶೇ. 90ರಷ್ಟು ಮಂದಿಗೆ ಅದು ಗಟ್ಟಿಯಾಗಿ ಉಳಿದುಬಿಡುತ್ತದೆ, ಮುಂದೆ ಲಿವರ್ ಸಿರೋಸಿಸ್ಸೋ ಕ್ಯಾನ್ಸರೋ ಆಗುವ ಭಯ. ಉಳಿದ ಡೋಸ್ ಎಲ್ಲ ಮುಗಿಸಿ 9ರಿಂದ 12 ತಿಂಗಳಲ್ಲಿ ರಕ್ತ ಪರೀಕ್ಷೆ ಮಾಡಿಸಬೇಕು. ಆದರೆ ನಮ್ಮ ಕಡೆಯ ರೂಢಿ ನೋಡಿ: ತಾಯಿ ಕಾರ್ಡ್ ಮಾಡಿಸಿದ್ದು ಗಂಡನ ಜೊತೆ ಇದ್ದ ಬೆಂಗಳೂರಲ್ಲಿ, ಹೆರಿಗೆ ಮಂಗಳೂರಲ್ಲಿ, ಬಾಣಂತನ ಬಂಟ್ವಾಳದ ತವರಲ್ಲಿ, ಆಮೇಲೆ ಮಗು ಮತ್ತೆ ಬೆಂಗಳೂರಿಗೆ. ಇಷ್ಟೂ ಕಡೆ ಮಗುವಿನ ಜೊತೆ ಹೋಗುವುದು ಆ ಒಂದು ಹಾಳೆ ಮಾತ್ರ. ಇಮ್ಯುನೋಗ್ಲೋಬ್ಯುಲಿನ್ ಕೊಟ್ಟರಾ ಇಲ್ವಾ ಅಂತ ಅದರಲ್ಲಿ ಇಲ್ಲದಿದ್ದರೆ ಅಲ್ಲಿಯ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು?

ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ಕೂಡ ಹಾಗೇ. ತಾಯಿಗೆ ಪೆನ್ಸಿಲಿನ್ ಕೊಟ್ಟದ್ದು ಹೆರಿಗೆಗೆ 30 ದಿನವಾದರೂ ಮೊದಲಾ, ಆ 30 ದಿನದೊಳಗಾ ಎನ್ನುವುದರ ಮೇಲೂ ಮಗುವಿನ ಚಿಕಿತ್ಸೆ ನಿಂತಿದೆ. ಗರ್ಭದಲ್ಲೇ ತಾಯಿಯಿಂದ ಮಗುವಿಗೆ ಬರಬಹುದಾದ ಸೈಟೋಮೆಗಲೋ ವೈರಸ್ ಆದರೆ ಹುಟ್ಟಿದ ಮೊದಲ ಮೂರು ವಾರದೊಳಗೆ ಮಗುವಿಗೆ ಪರೀಕ್ಷೆ ಆಗಬೇಕು, ಇಲ್ಲದಿದ್ದರೆ ಹುಟ್ಟಿನಿಂದಲೇ ಬಂದದ್ದಾ ಅಂತ ಹೇಳುವುದು ಕಷ್ಟ. ಆ ಮಗುವಿನ ಕಿವಿ ಕೇಳಿಸುವುದು ವರ್ಷಗಳ ಮೇಲೂ ಕಡಿಮೆಯಾಗಬಹುದು. ಮಲೇರಿಯಾ ಬಗ್ಗೆ ಮಂಗಳೂರಿನವರಿಗೆ ನಾನು ಹೇಳಬೇಕಾಗಿಲ್ಲ. ತಾಯಿಯಿಂದ ಮಗುವಿಗೆ ಬಂದ ಮಲೇರಿಯಾಕ್ಕೂ ಬೇರೆಯೇ ಕೋಡ್ ಇದೆ.

ನಾನು ಕೇಳುವ ನಾಲ್ಕು ಸಾಲು ಇವು. ತಾಯಿಗೆ ಯಾವ ಸೋಂಕಿನ ಪರೀಕ್ಷೆ ಆಯಿತು, ಫಲಿತಾಂಶ ಏನು. ಯಾವ ಚಿಕಿತ್ಸೆ, ಯಾವ ತಾರೀಕಿಗೆ. ಮಗುವಿಗೆ ಏನು ಕೊಟ್ಟರು, ಎಷ್ಟು ಗಂಟೆಗೆ. ಕೊನೆಗೆ ಮಗುವಿಗೆ ಸೋಂಕು ಇದೆಯಾ, ಇಲ್ಲವಾ, ರಿಪೋರ್ಟ್ ಬಾಕಿಯಾ, ಮುಂದಿನ ಪರೀಕ್ಷೆ ಯಾವಾಗ.

ಒಂದು ವಿಷಯದಲ್ಲಿ ಮಾತ್ರ ಬಹಳ ಎಚ್ಚರ ಬೇಕು. ಈ ಹಾಳೆ ಅತ್ತೆ, ಮಾವ, ಇನ್ಶೂರೆನ್ಸ್‌ನವರು ಎಲ್ಲರ ಕೈಗೂ ಹೋಗುತ್ತದೆ. ಎಚ್‌ಐವಿ ಇರುವವರ ಗುಟ್ಟು ಕಾಪಾಡಬೇಕು ಅಂತ 2017ರ ಕಾಯ್ದೆಯೇ ಇದೆ. ಹಾಗಾಗಿ ತಾಯಿಯ ಫಲಿತಾಂಶದ ಭಾಗ ಬೇರೆ ಹಾಳೆಯಲ್ಲಿರಲಿ, ಅವಳನ್ನು ಕೂರಿಸಿ ಅರ್ಥ ಮಾಡಿಸಿ ಅವಳ ಕೈಗೇ ಕೊಡಲಿ. ಫೈಲಿನ ಮೇಲೆ ಕೆಂಪು ಗುರುತು ಹಾಕುವಂಥದ್ದು ಯಾವತ್ತೂ ಬೇಡ.

ವೈದ್ಯರಿಗೆ ಇನ್ನೊಂದು ಬರೆಯುವ ಕೆಲಸವಾ ಅಂತ ಕೇಳುವವರಿದ್ದಾರೆ. ರಾತ್ರಿ ಪಾಳಿಯಲ್ಲಿ ಅವರ ಪಾಡು ಏನು ಅಂತ ನಮಗೂ ಗೊತ್ತು. ಟಿಕ್ ಹಾಕುವ ಹಾಗೆ ನಮೂನೆ ಮುದ್ರಿಸಿ. ಸಿಸ್ಟರ್ ತುಂಬಲಿ, ವೈದ್ಯರು ನೋಡಿ ಸಹಿ ಹಾಕಲಿ. ರೆಕಾರ್ಡ್ ವಿಭಾಗಕ್ಕೆ ತರಬೇತಿ ಆದವರನ್ನು ನೇಮಿಸಿ. ಪಕ್ಕದ ಮಣಿಪಾಲದಲ್ಲಿ ಇದನ್ನೇ ಕಲಿಸುತ್ತಾರೆ ಅಲ್ವಾ? ನಮ್ಮೂರಿನ ಹುಡುಗ ಹುಡುಗಿಯರು ಹೊರದೇಶದ ಮಕ್ಕಳ ಫೈಲನ್ನು ಇಷ್ಟು ಅಚ್ಚುಕಟ್ಟಾಗಿ ಇಡುತ್ತಾರೆ, ನಮ್ಮ ಮಕ್ಕಳದ್ದನ್ನೂ ಇಡಬಲ್ಲರು.

ಮಂಗಳೂರಿನ ಸರ್ಕಾರಿ ಹೆರಿಗೆ ಆಸ್ಪತ್ರೆ ಲೇಡಿಗೋಷನ್ ಮತ್ತು ತಾಲೂಕು ಆಸ್ಪತ್ರೆಗಳಲ್ಲಿ ಆರು ತಿಂಗಳು ಇದನ್ನು ನಡೆಸಿ ನೋಡಿ. ಆಮೇಲೆ ಖಾಸಗಿಯವರಿಗೂ ಆದೇಶ ಹೊರಡಿಸಿ. ನಮೂನೆ ಅಂತಿಮ ಮಾಡುವ ಮೊದಲು ಹೆರಿಗೆ ವಾರ್ಡಿನ ಸಿಸ್ಟರ್‌ಗಳನ್ನೂ ಆಶಾ ಕಾರ್ಯಕರ್ತೆಯರನ್ನೂ ಕೂರಿಸಿ ಕೇಳಿ. ಆ ಹಾಳೆ ತುಂಬಬೇಕಾದವರು ಸಿಸ್ಟರ್‌ಗಳು, ಮಗು ಮನೆಗೆ ಬಂದ ಮೇಲೆ ಓದಬೇಕಾದವರು ಆಶಾ ಕಾರ್ಯಕರ್ತೆಯರು.

ಇಂತಿ,
ಮಂಗಳೂರಿನ ಒಬ್ಬ ಮೆಡಿಕಲ್ ಕೋಡರ್